ಗದ್ದದವರೆಗೆ ಬರುವ ಗುಂಡು

ವಿಜ್ಞಾನ ಕೇಂದ್ರದಲ್ಲಿ ಮಕ್ಕಳಿಗೆ ವಿವರಣೆ ಕೊಡುವ ಅವಳಿಗೆ ಜೊತೆಯವರು ಇಟ್ಟ ಹೆಸರು ಗುಂಡಕ್ಕ. ಅವಳು ಇರುವುದೋ ಕಡ್ಡಿಯ ಹಾಗೆ! ಚಾವಣಿಯಿಂದ ತೂಗುವ ಕಬ್ಬಿಣದ ಗುಂಡು ಅವಳ ಪಾಲಿಗೆ ಬಂದ ಕೆಲಸ, ಅದರಿಂದ ಆ ಹೆಸರು. ಕಂಬಕ್ಕೆ ಒರಗಿ ನಿಂತು, ಗುಂಡನ್ನು ಗದ್ದದವರೆಗೆ ಎಳೆದು, ತಳ್ಳದೆ ಸುಮ್ಮನೆ ಕೈಬಿಡಬೇಕು. ಅದು ಆಚೆ ಹೋಗಿ ಮತ್ತೆ ಮುಖದತ್ತ ನುಗ್ಗಿ ಬರುವಾಗ ಕದಲಬಾರದು.

"ಎತ್ತರದಲ್ಲಿ ಇದ್ದಾಗ ಇದರಲ್ಲಿ ಇರೋದು ಪ್ರಚ್ಛನ್ನ ಶಕ್ತಿ. ಓಡುವಾಗ ಅದೇ ಚಲನ ಶಕ್ತಿ ಆಗುತ್ತೆ. ಬಿಟ್ಟ ಜಾಗಕ್ಕಿಂತ ಒಂದು ಕೂದಲೆಳೆ ಮುಂದೆ ಬರೋಕೂ ಇದರ ಹತ್ರ ಶಕ್ತಿ ಇಲ್ಲ," ಎಂದು ವರ್ಷಗಟ್ಟಲೆ ಹೇಳಿ ಹೇಳಿ ಅವಳ ಬಾಯಿ ಸವೆದಿತ್ತು.

ಕೇಂದ್ರದಲ್ಲಿ ಮಕ್ಕಳ ಪ್ರಶ್ನೆ, ಮನೆಗೆ ಹೋದರೆ ಅಲ್ಲಿಯೂ ಪ್ರಶ್ನೆಯೇ. ಅತ್ತೆಗೆ ಮರೆವಿನ ಕಾಯಿಲೆ. "ನೀನು ಯಾರಮ್ಮ?" ಎಂದು ರಾತ್ರಿಯಿಡೀ ಕೇಳುತ್ತಾರೆ. ಗಂಡನೆಂಬ ಮಹಾಶಯನಿಗೆ ತಲೆದಿಂಬು ಕಂಡರೆ ಸಾಕು, ಗೊರಕೆ. ಉತ್ತರ ಹೇಳಬೇಕಾದವಳು ಇವಳೇ.

ಆ ದಿನವೂ ನಿದ್ದೆಗೆಟ್ಟೇ ಬಂದಿದ್ದಳು. ಗುಂಡು ಬಿಟ್ಟಳು. ಅದು ಆಚೆ ಹೋಗಿ ಬರುವಷ್ಟರಲ್ಲಿ ಕಣ್ಣು ಎಳೆದು, ತಲೆ ಅರಿವಿಲ್ಲದೆ ಮುಂದಕ್ಕೆ ವಾಲಿತು. ಗುಂಡು ಗದ್ದಕ್ಕೆ ಬಡಿಯಿತು. ತುಟಿ ಒಡೆಯಿತು.

ಮಕ್ಕಳು ಮೊದಲು ಕಿರುಚಿದರು, ಆಮೇಲೆ ನಕ್ಕರು. "ಬಡೀತು! ಎಲ್ಲ ಸುಳ್ಳು!" ಎಂದು ಹಿಂದಿನಿಂದ ಒಬ್ಬ ಕೂಗಿದ. ತಾನೂ ಗುಂಡಿನ ಮುಂದೆ ನಿಲ್ಲುವ ಸರದಿಗಾಗಿ ಕುಣಿಯುತ್ತಿದ್ದ ಹುಡುಗಿ ಹಿಂದೆ ಸರಿದಳು. ಜೊತೆಗೆ ಬಂದಿದ್ದ ಟೀಚರ್, "ನೀವು ಡಾಕ್ಟರ್ ಹತ್ರ ಹೋಗಿ ಮೇಡಂ, ನಾವು ಹೊರಡ್ತೀವಿ," ಎಂದರು.

ಹೊರಟರೆ ಮುಗಿಯಿತು. ಪುಸ್ತಕದಲ್ಲಿರುವುದು ಸುಳ್ಳು ಎಂದುಕೊಂಡೇ ಈ ಮಕ್ಕಳು ಮನೆ ಸೇರುತ್ತಾರೆ. ಗದ್ದದ ನೋವಿಗಿಂತ ಅವಳಿಗೆ ಅದೇ ಹೆಚ್ಚು ಉರಿಯಿತು.

"ಒಂದು ನಿಮಿಷ," ಎಂದು ಕರವಸ್ತ್ರದಿಂದ ತುಟಿ ಒತ್ತಿಕೊಂಡಳು. "ಗುಂಡಿನದ್ದೇನೂ ತಪ್ಪಿಲ್ಲ. ಅದು ತನ್ನ ಜಾಗಕ್ಕೇ ಬಂತು. ಮುಂದೆ ಬಂದೋಳು ನಾನು. ನಂಗೆ ತುಂಬಾ ಸುಸ್ತಾಗಿದೆ, ಮಕ್ಕಳೇ."

ಇಷ್ಟು ವರ್ಷಗಳಲ್ಲಿ ಈ ಮಾತನ್ನು ಅವಳು ಯಾರೆದುರೂ ಆಡಿರಲಿಲ್ಲ. ಅವಳು ಮತ್ತೆ ಕಂಬದ ಹತ್ತಿರ ನಿಂತು ಗುಂಡು ಎಳೆದುಕೊಂಡಳು. ಎಂದೂ ಇಲ್ಲದ ಭಯ ಇಂದು ಬಂದಿತ್ತು.

ಆ ಹುಡುಗಿ ಹತ್ತಿರ ಬಂದಳು. "ಆಂಟಿ, ಮತ್ತೆ ಮುಂದೆ ಬಾಗಿಬಿಟ್ರೆ?"

"ಬಾಗಬಾರದು."

"ನಾನು ಹಿಡ್ಕೋತೀನಿ," ಎಂದವಳೇ ಹುಡುಗಿ ಕಂಬಕ್ಕೂ ಅವಳಿಗೂ ನಡುವೆ ನುಸುಳಿ, ಹಿಂದಿನಿಂದ ಎರಡೂ ಕೈಗಳಲ್ಲಿ ಅವಳ ಸೊಂಟವನ್ನು ಬಿಗಿಯಾಗಿ ತಬ್ಬಿ ಹಿಡಿದಳು.

ಗುಂಡು ಹೋಯಿತು. ಮರಳಿ ಬಂತು. ಗದ್ದದ ಮುಂದೆ ಒಂದು ಕ್ಷಣ ನಿಂತು ಹಿಂದಕ್ಕೆ ಹೊರಟಿತು. ಮಕ್ಕಳ ಚಪ್ಪಾಳೆಗೆ ಹಾಲ್ ತುಂಬಿಹೋಯಿತು.

"ಆಂಟಿ, ಈಗ ಬಿಡ್ಲಾ?" ಎಂದಳು ಹುಡುಗಿ.

ಗುಂಡಕ್ಕ ಸೊಂಟದ ಮೇಲಿದ್ದ ಆ ಪುಟ್ಟ ಕೈಗಳನ್ನು ಒತ್ತಿ ಹಿಡಿದು, "ಬೇಡ, ಇನ್ನೊಂದು ಸ್ವಲ್ಪ ಹೊತ್ತು," ಎಂದಳು.