ಮಾವನ ಬರಿಗಾಲು

ನನ್ನ ಮಾವ ಚಪ್ಪಲಿ ಹಾಕಿಕೊಂಡು ಗಾಡಿ ಓಡಿಸಿದ್ದನ್ನು ಕಂಡವರಿಲ್ಲ. ಮೂಡಬಿದಿರೆಯಿಂದ ಚಾರ್ಮಾಡಿ ಘಾಟಿ ಹತ್ತಿ ಚಿಕ್ಕಮಗಳೂರಿಗೆ ಹೋಗುವ ಖಾಸಗಿ ಬಸ್ಸಿಗೆ ಅವರು ಮೂವತ್ತು ವರ್ಷ ಡ್ರೈವರಾಗಿದ್ದರು. ಸೀಟಿಗೆ ಹತ್ತಿದೊಡನೆ ಚಪ್ಪಲಿ ಕಳಚಿ ಬದಿಗಿಡುತ್ತಿದ್ದರಂತೆ. ಕೇಳಿದರೆ, "ಚಪ್ಪಲಿಗೆ ಎಂತ ಗೊತ್ತುಂಟು? ಗಾಡಿ ಮಾತಾಡುವುದು ಕಾಲಿನ ಹತ್ತಿರ" ಎನ್ನುತ್ತಿದ್ದರು.

ಕಣ್ಣಿನ ನರ ಸೋತು ಎದುರಿನದೆಲ್ಲ ಮಂಜಾದಾಗ ನಾವೆಲ್ಲ ಸೇರಿ ಅವರಿಂದ ಕೀ ತೆಗೆದುಕೊಂಡೆವು. ಅವರು ತಕರಾರು ಮಾಡಲಿಲ್ಲ, ಆದರೆ ಅವರ ಬಲಗಾಲು ನಿವೃತ್ತಿಗೆ ಒಪ್ಪಲೇ ಇಲ್ಲ. ನಾನು ಬಂಟ್ವಾಳದಿಂದ ವಿದ್ಯುತ್ ಕಾರು ತಂದ ಮೇಲೆ ಎಡಬದಿಯ ಸೀಟಿನಲ್ಲಿ ಕೂತು, ಪ್ರತಿ ತಿರುವಿಗೂ ಖಾಲಿ ನೆಲವನ್ನೇ ಒತ್ತುತ್ತಿದ್ದರು. ನನ್ನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ಲವೆಂದುಕೊಂಡು ನಾನು ಒಳಗೊಳಗೇ ಉರಿಯುತ್ತಿದ್ದೆ. ನನಗೋ ಬ್ಯಾಟರಿ ತೋರಿಸುವ ಪರದೆಯನ್ನು ನಿಮಿಷಕ್ಕೊಮ್ಮೆ ನೋಡುವ ಚಟ. "ಪರದೆ ಬಿಡು ಸುಜಾತಾ, ರೋಡು ನೋಡು" ಎಂದು ಅವರು ದಿನಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದರು.

ಆ ಕಾರಿನಲ್ಲಿ ನಾವು ನಾಲ್ವರು ಶ್ರವಣಬೆಳಗೊಳಕ್ಕೆ ಹೋದದ್ದು ಅತ್ತೆಯ ಆಸೆಗಾಗಿ. ಅತ್ತೆಯದು ಕಟ್ಟುನಿಟ್ಟಿನ ಜೈನ ವ್ರತ. ಸೂರ್ಯ ಮುಳುಗಿದ ಮೇಲೆ ಒಂದು ತುತ್ತೂ ಮುಟ್ಟುವವರಲ್ಲ, ಹೊರಗೆ ಏನನ್ನೂ ತಿನ್ನುವವರೂ ಅಲ್ಲ. ಜೊತೆಗೆ ಸಕ್ಕರೆ ಕಾಯಿಲೆ ಬೇರೆ. ಕಟ್ಟಿಕೊಂಡು ಹೋದ ಬುತ್ತಿ ಮಧ್ಯಾಹ್ನಕ್ಕೇ ಮುಗಿದಿತ್ತು. ಬೆಳಕಿರುವಾಗ ಬೆಳ್ತಂಗಡಿಯ ಮನೆ ಸೇರದಿದ್ದರೆ ಮರುದಿನ ಬೆಳಗಿನವರೆಗೆ ಅವರಿಗೆ ಉಪವಾಸವೇ.

ವಾಪಸು ಬರುವಾಗ ಕೊಟ್ಟಿಗೆಹಾರದಲ್ಲಿ ಚಾರ್ಜ್ ಮಾಡುವುದೆಂದು ಲೆಕ್ಕ ಹಾಕಿಕೊಂಡಿದ್ದೆ. ಅಲ್ಲಿ ನೋಡಿದರೆ ಯಂತ್ರದ ಮೇಲೆ ಕೆಟ್ಟಿದೆಯೆಂಬ ಚೀಟಿ. ಗಂಟೆ ಐದು. ಬ್ಯಾಟರಿ ಶೇಕಡಾ ಹದಿನಾಲ್ಕು. ಪರದೆಯ ಪ್ರಕಾರ ಕಾರು ಇನ್ನು ಮೂವತ್ತೊಂದು ಕಿಲೋಮೀಟರು ಓಡುತ್ತದೆ, ಮನೆಗೆ ನಲವತ್ತೈದು ಉಂಟು. ಹಿಂದೆ ಮೂಡಿಗೆರೆಗೆ ಹೋಗಿ ಚಾರ್ಜ್ ಮಾಡುವ ಎಂದರು ನನ್ನ ಗಂಡ ಅಜಿತ. ಅಷ್ಟು ಮಾಡಿ ಬರುವಾಗ ಕತ್ತಲಾಗುವುದು ಖಂಡಿತ. ಅತ್ತೆ ತನಗೆ ಹಸಿವೇ ಇಲ್ಲವೆಂದರು. ಆದರೆ ಖಾಲಿ ಬುತ್ತಿಯ ಡಬ್ಬಿಯನ್ನು ಮತ್ತೊಮ್ಮೆ ತೆರೆದು ನೋಡಿದರು. ಈ ಕಾರು ತಂದವಳು ನಾನು, ತಪ್ಪೂ ನನ್ನದೇ ಎಂದು ಅಳು ಬಂತು.

ಮಾವ ಕೇಳಿದ್ದು ಒಂದೇ ಪ್ರಶ್ನೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಗಾಡಿ ತನ್ನನ್ನು ತಾನೇ ತಡೆಯುತ್ತದೆ, ಆ ತಡೆಯಿಂದ ಬ್ಯಾಟರಿ ತುಂಬುತ್ತದೆ ಎಂದು ಶೋರೂಮಿನವರು ಹೇಳಿದ್ದು ಸತ್ಯವಾ ಎಂದು. ಹೌದೆಂದೆ.

"ಹಾಗಾದರೆ ಇದು ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದಿಡುವ ನಮ್ಮ ಬಸ್ಸಿನ ಎರಡನೇ ಗೇರಿನ ಹಾಗೆ. ಚಪ್ಪಲಿ ತೆಗೆ, ಇಳಿಯುವ. ನಾನು ಹೇಳಿದಾಗ ಕಾಲು ಎತ್ತಬೇಕು, ಆಯ್ತಾ?"

ಏಸಿ ನಿಲ್ಲಿಸಿ ಹೊರಟೆವು. ಘಾಟಿಯ ಒಂದೊಂದು ತಿರುವೂ ಬರುವ ಮೊದಲೇ ಅವರ ಬಾಯಿಗೆ ಬರುತ್ತಿತ್ತು. ಮುಂದೆ ಬಲಕ್ಕೆ ದೊಡ್ಡ ತಿರುವು, ಈಗಲೇ ಎತ್ತು. ಇಲ್ಲಿ ಸ್ವಲ್ಪ ಏರು, ಬಂದ ವೇಗದಲ್ಲೇ ಹತ್ತಿಸು. ಬ್ರೇಕಿನ ಅಗತ್ಯವೇ ಬೀಳಲಿಲ್ಲ. ಪಕ್ಕದಲ್ಲಿ ಅವರ ಬಲಗಾಲು ಖಾಲಿ ನೆಲದ ಮೇಲೆ ಏಳುತ್ತ ಇಳಿಯುತ್ತಿತ್ತು, ನನ್ನ ಕಾಲು ಅದರ ಹಿಂದೆಯೇ ಹೋಯಿತು. ಇಷ್ಟು ದಿನ ನಾನು ಸಿಟ್ಟಾದದ್ದು ಇದೇ ಕಾಲಿಗೆ ಎಂದು ನೆನೆದು ನಾಚಿಕೆಯಾಯಿತು. ಎದುರಿನ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಮಾವನ ಮಂಜುಗಣ್ಣಿಗೂ ಅದು ಕಂಡಿರಬೇಕು. "ಬೆಳಕು ಉಂಟು, ಗಡಿಬಿಡಿ ಬೇಡ" ಎಂದರು.

ಚಾರ್ಮಾಡಿಯಲ್ಲಿ ಘಾಟಿ ಮುಗಿದಾಗ ಹಿಂದಿನ ಸೀಟಿನಿಂದ ಅಜಿತ ಬಗ್ಗಿ ಪರದೆ ನೋಡಿದರು. ಹದಿನೇಳು. ಇಳಿಯುತ್ತ ಇಳಿಯುತ್ತ ಮೂರು ಹೆಚ್ಚಾಗಿತ್ತು. ಅಲ್ಲಿಯವರೆಗೆ ಟೋಯಿಂಗ್ ಗಾಡಿಯ ನಂಬರು ಹುಡುಕುತ್ತಿದ್ದವರು ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ಉಜಿರೆ ದಾಟಿ ನಮ್ಮ ಅಂಗಳಕ್ಕೆ ತಿರುಗುವಾಗ ಎಂಟು ಉಳಿದಿತ್ತು, ಬಿಸಿಲು ಇನ್ನೂ ತುಳಸಿಕಟ್ಟೆಯ ಮೇಲಿತ್ತು. ನನಗಂತೂ ಏನೋ ಗೆದ್ದು ಬಂದಷ್ಟು ಹೆಮ್ಮೆ.

ಅಜಿತ ಗಂಜಿ ಬಿಸಿ ಮಾಡಿದರು. ಮಾವ ಕೈಕಾಲು ತೊಳೆದು ಬಂದು ಅತ್ತೆಯ ಪಕ್ಕದಲ್ಲೇ ಊಟಕ್ಕೆ ಕೂತರು. ಬಸ್ಸಿನ ಕಾಲದಲ್ಲಿ ಅತ್ತೆ ಸಂಜೆಯೇ ಒಬ್ಬರೇ ಉಂಡು, ಮಾವನಿಗೆ ಊಟ ಮುಚ್ಚಿಡುತ್ತಿದ್ದರು. ರಾತ್ರಿ ಒಂಬತ್ತಕ್ಕೆ ಬಂದು ಅವರೂ ಒಬ್ಬರೇ ಉಣ್ಣುತ್ತಿದ್ದರು.

"ಮೂವತ್ತು ವರ್ಷ ಆ ಘಾಟಿ ಇಳಿದಿದ್ದೇನೆ. ನಿನ್ನ ಊಟದ ಹೊತ್ತಿಗೆ ಮನೆ ಮುಟ್ಟಿದ್ದು ಇವತ್ತೇ ಮೊದಲು" ಎಂದರು ಮಾವ. ಅತ್ತೆ ಅವರ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಹಾಕಿದರು.

ಹೋದ ವರ್ಷ ಮಾವ ತೀರಿಕೊಂಡರು. ನಾನೀಗ ಬರಿಗಾಲಲ್ಲೇ ಓಡಿಸುವುದು. ಕಳೆದ ತಿಂಗಳು ಅತ್ತೆಯನ್ನು ಮತ್ತೆ ಬೆಳಗೊಳಕ್ಕೆ ಕರೆದುಕೊಂಡು ಹೋಗಿ ಅದೇ ಘಾಟಿ ಇಳಿದು ಬಂದೆ. ಚಾರ್ಮಾಡಿಯಲ್ಲಿ ಬ್ಯಾಟರಿ ನಾಲ್ಕು ಹೆಚ್ಚಾಗಿತ್ತು. ಖುಷಿಯಲ್ಲಿ ಎಡಕ್ಕೆ ತಿರುಗಿ, "ನೋಡಿ ಮಾವ, ನಾಲ್ಕು" ಎಂದುಬಿಟ್ಟೆ.

ಆ ಸೀಟಿನಲ್ಲಿ ಕೂತಿದ್ದ ಅತ್ತೆ, "ಅವರು ನೋಡಿಯಾಯ್ತು. ನೀನು ರೋಡು ನೋಡು" ಎಂದರು.