ಏಡಿ ರಸ ಕುದಿಸಬಾರದು

ನಮ್ಮವ್ವನಿಗೆ ದಮ್ಮು. ಚಳಿ ಶುರುವಾದರೆ ಎದೆ ಗೊರಗೊರ ಎನ್ನುತ್ತದೆ, ಗೋಡೆಗೊರಗಿ ಕೂತೇ ಬೆಳಗು ಮಾಡುತ್ತಾಳೆ. ಎಳೆದುಕೊಳ್ಳುವ ಔಷಧಿ ತಂದುಕೊಟ್ಟೆ. ಅದನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದಳೇ ಹೊರತು ಬಾಯಿಗೆ ಮುಟ್ಟಿಸಲಿಲ್ಲ. ಅವಳಿಗೆ ಗೊತ್ತಿರುವ ಮದ್ದು ಒಂದೇ, ಕೆರೆ ಏಡಿಯ ರಸ.

ಆ ರಸ ಮಾಡುವುದಕ್ಕೂ ಒಂದು ಕಟ್ಟಳೆ ಇದೆ. ಏಡಿಯ ಬೆನ್ನು ಚಿಪ್ಪು ಕಿತ್ತು, ಕಾಲು ಮುರಿದು, ಒರಳಲ್ಲಿ ಕುಟ್ಟಿ, ಬಟ್ಟೆಯಲ್ಲಿ ಹಿಂಡಬೇಕು. ಬೆಳ್ಳುಳ್ಳಿ, ಮೆಣಸು ಹಾಕಿದ ಸಾರನ್ನು ಬೇರೆ ಕುದಿಸಿ ಕೆಳಗಿಳಿಸಿ, ಆಮೇಲೆ ರಸ ಸುರಿಯಬೇಕು. ಸುರಿದ ಮೇಲೆ ಮತ್ತೆ ಒಲೆಗೆ ಏರಿಸುವಂತಿಲ್ಲ. ಏರಿಸಿದರೆ ಕೆಟ್ಟ ಹಾಲಿನ ಹಾಗೆ ಒಡೆದು ಗಂಟು ಗಂಟಾಗುತ್ತದೆ, ಗುಣವೆಲ್ಲ ಹೋಗುತ್ತದೆ ಎನ್ನುತ್ತಾರೆ. ಏಡಿ ಸಾರು ಒಡೆಯಿಸಿದ ಹೆಂಗಸಿಗೆ ನಮ್ಮ ಕಡೆ ಮರ್ಯಾದೆಯಿಲ್ಲ. ನಾನು ಒಂದು ದಿನವೂ ಒಡೆಯಿಸಿದವಳಲ್ಲ, ಆ ಜಂಬ ನನಗೂ ಇತ್ತು.

ನಾನು ಯಾರು ಗೊತ್ತೇ? ರಾಂಪುರದ ಹತ್ತಿರದ ನಮ್ಮೂರಿನ ಆಶಾ ಕಾರ್ಯಕರ್ತೆ. ನೀರು ಕುದಿಸಿ ಆರಿಸಿ ಕುಡಿಯಿರಿ ಎಂದು ಮನೆ ಮನೆ ಬಾಗಿಲಲ್ಲಿ ನಿಂತು ಗಂಟಲು ಹರಿದುಕೊಂಡವಳು. ಕನ್ನಡ ಅರ್ಥವಾಗದ ಮುದುಕಿಯರಿಗೆ ತೆಲುಗಿನಲ್ಲೂ ಹೇಳಿದವಳು. ಸಾರು ಕುದಿಸಿ ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ಸಾರು ಕುದಿಸದೆ ಯಾರಾದರೂ ಉಣ್ಣುತ್ತಾರೆಯೇ ಎಂದುಕೊಂಡಿದ್ದೆನೋ ಏನೋ. ಊರಿಗೆ ಉಪಕಾರಿ, ಮನೆಗೆ ಮಾರಿ!

ಆ ಭಾನುವಾರ ನನ್ನ ತಮ್ಮ ಕೆರೆಯಿಂದ ಒಂದು ಚೀಲ ಏಡಿ ಹಿಡಿದು ತಂದ. ನಾನೇ ಕುಟ್ಟಿದೆ, ನಾನೇ ಹಿಂಡಿದೆ. ರಸದ ಸಾರು ಅವ್ವನಿಗೆ. ಉಳಿದ ದಪ್ಪ ಏಡಿಗಳನ್ನು ಖಾರ ಹಾಕಿ ಚೆನ್ನಾಗಿ ಬೇಯಿಸಿ ನಾವೆಲ್ಲ ತಿಂದೆವು. ಅವ್ವ ಬಟ್ಟಲು ನೆಕ್ಕಿ, "ನನ್ ಕೈ ರುಚಿ ನಿನಗೇ ಬಂದೈತೆ ಕಣೇ" ಎಂದಳು. ನನಗೆ ಹಿಗ್ಗೋ ಹಿಗ್ಗು.

ಮಂಗಳವಾರ ಬೆಳಿಗ್ಗೆ ಅವ್ವ ಚೊಂಬು ಹಿಡಿದು ಕಕ್ಕಸಿಗೆ ಹೋಗಿ ಬಂದಳು, ಮತ್ತೆ ಹೋದಳು. ಕೇಳಿದರೆ "ಏನಿಲ್ಲ, ಕೈಕಾಲು ತೊಳೆಯಾಕೆ" ಎಂದಳು. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಣಂತಿಯರ ಮನೆಗಳಿಗೆ ಹೊರಟೆ. ಆ ಬ್ಯಾಗಿನ ತುಂಬ ಓಆರ್‌ಎಸ್ ಪೊಟ್ಟಣ! ಮಧ್ಯಾಹ್ನ ಬಂದು ನೋಡಿದರೆ ಅವ್ವ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದಾಳೆ. ಕಣ್ಣು ಗುಳಿ ಬಿದ್ದಿವೆ, ಸೀರೆ ಒದ್ದೆಯಾಗಿದೆ, ಕೆಳಗೆ ಅಕ್ಕಿ ತೊಳೆದ ನೀರಿನ ಹಾಗೆ ಹರಿದಿದೆ.

"ಬೆಳಿಗ್ಗೆಯೇ ಹೇಳಾಕೆ ಏನಾಗಿತ್ತವ್ವಾ ನಿನಗೆ?" ಎಂದು ಕಿರುಚಿದೆ.

"ನಾಚಿಕೆ ಆಯ್ತು ಕಣೇ" ಎಂದಳು.

ನಾಚಿಕೆಯಂತೆ! ಬೇರೆಯವರ ಮಕ್ಕಳ ಭೇದಿಯನ್ನು ದಿನವೂ ವಿಚಾರಿಸುವ ಮಗಳ ಮುಂದೆ ಹೆತ್ತ ತಾಯಿಗೆ ನಾಚಿಕೆ. ಸಿಟ್ಟಿನಲ್ಲಿ ಪೊಟ್ಟಣವನ್ನು ಹಲ್ಲಿನಿಂದಲೇ ಹರಿದು, ನೀರಿಗೆ ಕಲಸಿ ಕುಡಿಸಿದೆ. ಕುಡಿಸಿದ್ದನ್ನೆಲ್ಲ ವಾಂತಿ ಮಾಡಿಕೊಂಡಳು. ತಮ್ಮ ಆಟೋ ತಂದ, ಬಳ್ಳಾರಿಗೆ ಒಯ್ದೆವು. ದಾರಿಯುದ್ದಕ್ಕೂ ಅವಳ ಮಣಿಕಟ್ಟು ಹಿಡಿದು ನಾಡಿ ಹುಡುಕಿದೆ. ಒಂದೊಂದು ಸಲ ಸಿಕ್ಕಿತು, ಒಂದೊಂದು ಸಲ ಸಿಗಲಿಲ್ಲ.

ಎರಡೂ ಕೈಗೆ ಗ್ಲೂಕೋಸು ಏರಿಸಿದರು. ಮೂತ್ರ ಬರುತ್ತಿಲ್ಲ, ಕಿಡ್ನಿ ಉಳಿಯುತ್ತದೋ ಇಲ್ಲವೋ ನಾಳೆ ಹೇಳುತ್ತೇವೆ ಎಂದರು. ಏನು ತಿಂದಿದ್ದರು ಎಂದು ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೂತು ಕೇಳಿದರು. ರಸ ಕುಡಿದವಳು ಅವ್ವ ಒಬ್ಬಳೇ, ಬೇಯಿಸಿ ತಿಂದ ನಮಗಾರಿಗೂ ಏನೂ ಆಗಿಲ್ಲ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಕಾಲರಾ ಥರ ಕಾಣಿಸ್ತಿದೆ, ಪರೀಕ್ಷೆಗೆ ಕಳಿಸಿದ್ದೀನಿ. ಏಡಿಗೆ ಏನೂ ಆಗಲ್ಲಮ್ಮ, ಅದು ಆರಾಮಾಗಿ ಓಡಾಡ್ಕೊಂಡಿರುತ್ತೆ. ಆದ್ರೆ ಆ ಕ್ರಿಮಿಗೆ ಏಡಿ ಚಿಪ್ಪು ಅಂದ್ರೆ ತವರುಮನೆ ಇದ್ದಂಗೆ. ನೀರಿಗೆ ಹೊಲಸು ಸೇರಿದ್ರೆ ಚಿಪ್ಪಿಗೆ ಅಂಟ್ಕೊಂಡು ಅಲ್ಲೇ ಬೆಳೆಯುತ್ತೆ. ಚೆನ್ನಾಗಿ ಕುದಿಸಿದ್ರೆ ಸಾಯ್ತಿತ್ತು. ನೀವು ಕುದಿಸಲಿಲ್ವಾ?"

ಒಡೆದುಹೋಗುತ್ತದೆ ಎಂದು ಕುದಿಸಲಿಲ್ಲ ಎಂದೆ. ಹೇಳುವಾಗ ನನ್ನ ಕತ್ತಿನಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು. ತೆಗೆದು ಬ್ಯಾಗಿಗೆ ತುರುಕಿದೆ.

ಮರುದಿನ ಬೆಳಿಗ್ಗೆ ತಮ್ಮನನ್ನು ಅವ್ವನ ಹತ್ತಿರ ಬಿಟ್ಟು, ಬಟ್ಟೆ ತರಲು ಊರಿಗೆ ಹೊರಟೆ. ಬಸ್ಸು ಕೆರೆ ಏರಿಯ ಮೇಲೆ ಬಂದಾಗ ಕಂಡಿತು. ಕಕ್ಕಸು ಗುಂಡಿ ಖಾಲಿ ಮಾಡುವ ಟ್ಯಾಂಕರು, ದಪ್ಪ ಪೈಪನ್ನು ನೀರಿನ ಅಂಚಿಗೆ ಇಳಿಬಿಟ್ಟು, ಹಾಡಹಗಲಲ್ಲೇ ಭೋರೆಂದು ಸುರಿಯುತ್ತಿದೆ. ಮೈಯೆಲ್ಲ ಉರಿದುಹೋಯಿತು. ಬಸ್ಸು ನಿಲ್ಲಿಸಿ ಇಳಿದು ಓಡಿದೆ.

"ಲೋ, ನಿನ್ ಮನೆ ಹಾಳಾಗ! ಊರವರ ಬಾಯಿಗೆ ಹೇಲು ಹಾಕ್ತೀಯೇನೋ? ನನ್ ಅವ್ವ ಸಾಯಾಕೆ ಬಿದ್ದೈತೆ ಕಣೋ!"

ಅವನು ಪೈಪು ಬಿಡಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಗಡಿಯಾಚೆಯ ಹುಡುಗ, ಅರ್ಧ ತೆಲುಗು ಅರ್ಧ ಕನ್ನಡ. "ಏಂ ಚೇಯಮಂಟಾವಕ್ಕಾ? ಏನ್ ಮಾಡ್ಲಿ ಹೇಳು. ಸುರಿಯಾಕೆ ಜಾಗ ಎಲ್ಲೈತೆ, ತೋರ್ಸು. ಹೊಲದಾಗೆ ಬಿಟ್ರೆ ಹೊಲದೋರು ಹೊಡಿತಾರೆ, ಹಳ್ಳಕ್ಕೆ ಬಿಟ್ರೆ ಆ ಊರೋರು ಹೊಡಿತಾರೆ. ಇಲ್ಲಿ ಯಾರೂ ಕೇಳಲ್ಲ."

"ನಾನ್ ಕೇಳ್ತಾ ಇದೀನಲ್ಲೋ!"

"ಈಗ್ ಕೇಳ್ತೀಯ. ಹೋದ ತಿಂಗಳು ನಿಮ್ ಮನೆ ಗುಂಡಿ ಎಳೆದಾಗ ಕೇಳಿದ್ಯಾ? ನೀನೇ ಫೋನ್ ಮಾಡಿದ್ದು, ನಿಂತು ನೋಡಿದ್ದೂ ನೀನೇ. ಅದ್ನೂ ಇಲ್ಲೇ ಬಿಟ್ಟೀನಿ."

ನಿಜ, ಕೇಳಿರಲಿಲ್ಲ. ಬಯಲಿಗೆ ಹೋಗಬೇಡಿ, ಕಕ್ಕಸು ಕಟ್ಟಿಸಿ ಎಂದು ಊರವರ ಬೆನ್ನು ಹತ್ತಿದವಳು ನಾನು, ಮೊದಲು ಕಟ್ಟಿಸಿದ್ದೂ ನಮ್ಮ ಮನೆಯಲ್ಲೇ. ಗುಂಡಿ ತುಂಬಿದಾಗ ಟ್ಯಾಂಕರು ಬಂತು, ಹೋಯಿತು. ಎಲ್ಲಿಗೆ ಹೋಯಿತು ಎಂದು ತಲೆ ಕೆಡಿಸಿಕೊಳ್ಳಲಿಲ್ಲ. ಅವ್ವನಿಗೆ ತಗುಲಿದ್ದು ನಿಮ್ಮ ಗುಂಡಿಯದೇ ಎಂದು ಹೇಗೆ ಹೇಳುತ್ತೀರಿ ಎಂದು ಯಾರಾದರೂ ಕೇಳಬಹುದು. ಅಲ್ಲ ಎಂದು ನಾನು ಹೇಗೆ ಹೇಳಲಿ? ಕಟ್ಟಿ ಎಂದ ಸರ್ಕಾರದವರು ಕಟ್ಟಿಸಿದರು, ಫೋಟೋ ತೆಗೆದುಕೊಂಡು ಹೋದರು. ತುಂಬಿದ್ದನ್ನು ಎಲ್ಲಿ ಸುರಿಯಬೇಕೆಂದು ಒಬ್ಬ ಬಡ್ಡಿಮಗನೂ ಹೇಳಲಿಲ್ಲ. ಅವರ ಮೇಲಿನ ಸಿಟ್ಟು ಇವತ್ತಿಗೂ ಆರಿಲ್ಲ, ನನ್ನ ಮೇಲಿನದೂ ಆರಿಲ್ಲ.

ಸಂಜೆ ಆಸ್ಪತ್ರೆಗೆ ಬಂದಾಗ ಅವ್ವ ಕಣ್ಣು ಬಿಟ್ಟಿದ್ದಳು. ಮೂತ್ರ ಬಂದಿದೆ, ಇನ್ನು ಭಯವಿಲ್ಲ ಎಂದರು. ಆನಂದಕ್ಕೆ ತಮ್ಮ ಅತ್ತುಬಿಟ್ಟ. ಕೆರೆಗೆ ಹೊಲಸು ಸೇರಿ ಹೀಗಾಗಿದೆ ಎಂದು ಡಾಕ್ಟರಮ್ಮ ಅವ್ವನಿಗೂ ತಿಳಿಸಿ ಹೇಳಿದ್ದರಂತೆ. ಅಷ್ಟು ಸಾಕಾಗಿತ್ತು. ಹಾಸಿಗೆಯಲ್ಲೇ ಎದ್ದು ಕೂತು, ದಮ್ಮು ಎಳೆಯುತ್ತ, ಪಕ್ಕದ ಹಾಸಿಗೆಯವರೆಲ್ಲ ತಿರುಗಿ ನೋಡುವಂತೆ ಶುರುಮಾಡಿದಳು.

"ಯಾರ್ ಮನೆ ಹೇಲು ತಂದು ಕೆರೆಗೆ ಸುರುವಿದ್ರೋ, ಆ ಮನೆ ಎಕ್ಕುಟ್ಟೋಗ! ಅವರ ಒಲೇಲಿ ಬೆಕ್ಕು ಮಲಗ! ಅವರ ಬಾಗ್ಲಿಗೆ ಮುಳ್ಳು ಬಡಿಯ!"

"ಯವ್ವಾ, ಸಾಕು ಸುಮ್ನಿರು."

"ಯಾಕೇ ಸುಮ್ನಿರ್ಲಿ? ಸಾಯ್ತಿದ್ದೋಳು ನಾನೋ ನೀನೋ? ಆ ಮನೇಲಿ ದೀಪ ಹಚ್ಚೋರು ಇಲ್ದಂಗಾಗ..."

"ಯವ್ವಾ, ಅದು ನಮ್ಮನೇದು. ಹೋದ ತಿಂಗಳು ನಮ್ ಗುಂಡೀದು ತಂದು ಅಲ್ಲೇ ಸುರುವ್ಯಾರೆ."

ಅವ್ವ ತಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. ಸೂಜಿ ಚುಚ್ಚಿದ ಕೈಯಲ್ಲೇ ಎರಡೂ ಕೆನ್ನೆ ಬಡಿದುಕೊಂಡು, "ಬಿಡ್ತು, ಬಿಡ್ತು, ಬಿಡ್ತು" ಎಂದಳು. ನನಗೂ ಅನ್ನು ಎಂದಳು, ಅಂದೆ. ತಮ್ಮನ ಬಾಯಲ್ಲೂ ಅನ್ನಿಸಿದಳು. ಹೆತ್ತವಳ ಶಾಪ ತಟ್ಟುತ್ತದೆ ಎಂಬ ಹೆದರಿಕೆ ಅವಳಿಗೆ.

ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ನಿದ್ದೆ ಹತ್ತಿತು ಎಂದುಕೊಂಡೆ, ಹತ್ತಿರಲಿಲ್ಲ.

"ಆ ಕೆರೆ ಏಡಿ ನಮ್ಮೊಬ್ರ ಮನೆಗೇ ಬಂತೇನೇ?" ಎಂದಳು. "ಇನ್ನೊಂದ್ ಮನೇಲಿ ಇನ್ನೊಬ್ರ ಅವ್ವ ಹಿಂಗೇ ಬಿದ್ದಿದ್ರೆ, ಅವರ ಮಕ್ಳು ನಮಗೆ ಶಾಪ ಹಾಕಿ ಬಿಡ್ತು ಅಂತಾರೇನೇ?"