ಗೋಡೆಗೆ ಹಾಕದ ಚಿತ್ರ

ಗೋಡೆ ಕಲ್ಲು, ನೆಲ ಕಲ್ಲು, ತಲೆಯೆತ್ತಿದರೆ ಮಾಡೂ ಕಲ್ಲು! ಶಹಾಬಾದಿನ ಬಾಡಿಗೆ ಕೋಣೆಗೆ ಕಾಲಿಟ್ಟ ದಿನ, ಇದೇನು ಮನೆಯೋ ಸಮಾಧಿಯೋ ಅನ್ನಿಸಿತು. ಶಾಲೆಯಲ್ಲಿ ಕೆಲಸ ಸಿಕ್ಕಿತೆಂದು ಕಾರವಾರದಿಂದ ಬಂದವಳು ನಾನು. ಮೊಬೈಲ್ ನೋಡಿ ಚಿತ್ರ ಕಲಿತವಳು. ಚೀಲದ ತುಂಬ ನೀಲಿ, ಹಸಿರು ಬಣ್ಣ. ನಮ್ಮಲ್ಲಿ ಕಿಟಕಿ ತೆರೆದರೆ ಸಾಕು, ಚಿತ್ರ ತಾನೇ ಬಂದು ನಿಲ್ಲುತ್ತದೆ. ಇಲ್ಲಿ ಬೇವಿನ ಎಲೆಯೂ ಧೂಳು ಕೂತು ಬೂದು. ತಿಂಗಳುಗಟ್ಟಲೆ ಏನೂ ಬರೆಯಲಿಲ್ಲ. ಜೋಳದ ರೊಟ್ಟಿ ಗಂಟಲಲ್ಲಿ ಇಳಿಯತೊಡಗಿದ್ದೇ ದೊಡ್ಡ ಗೆಲುವು.

ಒಂದು ಬೆಳಿಗ್ಗೆ ಮನೆಯೊಡತಿ ಶರಣಮ್ಮ ಕಾಕಿ ಅಂಗಳದ ಫರಸಿಗೆ (ಹಾಸುಗಲ್ಲಿಗೆ ಇಲ್ಲಿ ಹಾಗೆನ್ನುತ್ತಾರೆ) ನೀರು ಚಿಮುಕಿಸಿದರು. ಬೂದು ಕಲ್ಲು ಒಮ್ಮೆಲೇ ಮಳೆಮೋಡದ ಬಣ್ಣಕ್ಕೆ ತಿರುಗಿತು. ಅಯ್ಯೋ, ಇಷ್ಟು ದಿನ ಇದರ ಮೇಲೇ ನಡೆದೆನಲ್ಲ! ಕುಂಚ ತಂದು ಬರೀ ನೀರಿನಲ್ಲಿ ಬರೆಯತೊಡಗಿದೆ: ಕೋಳಿ, ಕೊಡ, ಜಗಲಿಯಲ್ಲಿ ಕೆಮ್ಮುತ್ತ ಕೂತ ಕಾಕಿಯ ಗಂಡ ಭೀಮಣ್ಣ ಕಾಕಾ. ಬಿಸಿಲು ಬಂದರೆ ಎಲ್ಲ ಮಾಯ.

ಕಾಕಾನ ಎದೆಯನ್ನು ಕಲ್ಲಿನ ಖಣಿಯ ಧೂಳು ತಿಂದಿದೆ. ಬಚ್ಚಲಿಗೆ ಹೋಗಿ ಬಂದರೂ ಏದುಸಿರು. ಗುರುತಿನ ಚೀಟಿಯ ಮಸುಕು ಮುಖ ಬಿಟ್ಟರೆ ಅವರದೊಂದು ಫೋಟೋ ಇಲ್ಲ. ಕಾಗದದ ಮೇಲೆ ಬರೆಯಲೇ ಎಂದೆ.

“ಗೋಡಿ ಮ್ಯಾಲ ಏರಸ್ಲಾಕ ಭಾಳ ಅವಸರ ಆಗ್ಯಾದೇನ್ರಿ ಅಕ್ಕೋರೆ? ಹಾರ ನೀವೇ ತರ್ತೀರೋ, ನಾ ತರ್ಸ್ಲೋ?” ಕಾಕಾ ನಕ್ಕರು. ನಗು ಕೆಮ್ಮಾಯಿತು. ಈ ಮನೆಯಲ್ಲಿ ಗೋಡೆ ಸತ್ತವರಿಗೆ ಮಾತ್ರ.

“ಬಾಯಾಗ ಬರೇ ಅದೇ! ಸುಮ್ನ ಕುಂದರ್ರಿ,” ಕಾಕಿ ಗದರಿದರು.

“ನೀರಾಗ ಬರೀಲಿ ಬಿಡು. ಒಣಗಿ ಹೋಗ್ತದ, ಯಾರಿಗೂ ತ್ರಾಸಿಲ್ಲ,” ಅಂದರು ಕಾಕಾ.

ದಿನವೂ ಬರೆದೆ, ದಿನವೂ ಒಣಗಿತು. ನನ್ನ ಕೈ ಆ ಮುಖವನ್ನು ಕಲಿಯಿತು. ಮುಖ ಮಾತ್ರ ಸೊರಗುತ್ತಲೇ ಹೋಯಿತು. ಒಂದು ಮಧ್ಯಾಹ್ನ ಕಾಕಾ ಮಲಗಿದ್ದಾಗ ಕಾಕಿ ನನ್ನ ಕೋಣೆಗೆ ಬಂದರು.

“ಕಾಗದದ ಮ್ಯಾಲ ಒಂದು ತೆಗೀರಿ. ಗಲ್ಲ ತುಂಬಿದ್ದು. ಅವರಿಗಿ ಹೇಳಬ್ಯಾಡ್ರಿ. ನಾ ಕೇಳೋ ತನಕ ನಿಮ್ಮ ಹತ್ರಾನೇ ಇರಲಿ.”

ಬರೆದೆ. ಬೂದು, ಕಪ್ಪು, ಎರಡೇ ಬಣ್ಣ. ನಾನು ಬರೆದದ್ದರಲ್ಲೆಲ್ಲ ಚೆನ್ನಾಗಿ ಬಂದದ್ದು ಅದೇ, ಯಾರಿಗೂ ತೋರಿಸುವಂತಿಲ್ಲ. ಬಟ್ಟೆಗಳ ಕೆಳಗೆ ಇಟ್ಟಿದ್ದೇನೆ.

ಈಗ ಕಾರವಾರದ ಶಾಲೆಯೊಂದರಲ್ಲಿ ಕೆಲಸ ಖಾಲಿಯಿದೆ. “ಬಂದ್ಬಿಡೆ, ಮೀನು ತಂದ್ರೆ ತಿನ್ನೋಕೆ ನೀನೇ ಇಲ್ಲ,” ಅಂತ ಅಮ್ಮನ ಫೋನು. ಹೋಗುವ ಆಸೆ ಇದೆ, ಸುಳ್ಳೇಕೆ? ಆದರೆ ಹೋಗುವಾಗ ಚಿತ್ರವನ್ನು ಕಾಕಿಯ ಕೈಗಿಡಬೇಕು, ಜಗಲಿಯಲ್ಲಿ ಇನ್ನೂ ಉಸಿರಾಡುತ್ತ ಕೂತವರ ಎದುರೇ. ಒಯ್ದರೆ ಕಾಕಿಗೆ ಏನೂ ಉಳಿಯುವುದಿಲ್ಲ.

ನಿನ್ನೆ ಕಾಕಿಗೆ ವಿಷಯ ಹೇಳಿದೆ. ಹೊಲಿಯುತ್ತಿದ್ದ ಕೌದಿಯಿಂದ ಅವರು ತಲೆಯೆತ್ತಲಿಲ್ಲ.

“ಹೋಗ್ರಿ, ತಾಯಿ ಕರೀಲಾಕತ್ತಾರಲ್ಲ. ಆದ್ರ ಅದನ್ನ ಮಾತ್ರ ಈಗ ಕೊಡಬ್ಯಾಡ್ರಿ.”

ಅಮ್ಮನಿಗೆ ಫೋನು ಮಾಡಿ ಈ ವರ್ಷ ಬರಲ್ಲ ಅಂದೆ. ಯಾಕೆ ಎಂದಳು. ಇಲ್ಲಿ ಯಾವುದಕ್ಕಾಗಿ ಕಾಯುತ್ತಿದ್ದೇನೆಂದು ಹೇಳಲು ನನಗೆ ಬಾಯಿ ಬರಲಿಲ್ಲ.